ಬಾಗಿಲ ಮೇಲೆ ಸಿಂಹ, ಬೀದಿಯಲ್ಲೇ ನಾರ್ನಿಯಾ

ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿನ ಊಟದ ಹಜಾರಕ್ಕೆ ಕಾಲಿಟ್ಟವರೆಲ್ಲ ಮೊದಲು ತಲೆಯೆತ್ತಿ ಚಾವಣಿ ನೋಡುತ್ತಾರೆ. ಹ್ಯಾರಿ ಪಾಟರ್ ಸಿನಿಮಾಗಳ ಹಾಗ್ವರ್ಟ್ಸ್ ಭೋಜನಶಾಲೆಗೆ ಮಾದರಿಯಾದದ್ದು ಇದೇ ಹಜಾರ! ಆದರೆ ಈ ಊರಿನ ಕಾಲ್ನಡಿಗೆ ಪ್ರವಾಸಗಳ ಗೈಡ್‌ಗಳು ಕೈ ತೋರಿಸುವುದು ಕೆಳಗೆ, ಅಗ್ಗಿಷ್ಟಿಕೆಯ ಕಡೆಗೆ. ಬಗ್ಗಿ ನೋಡಿ. ಸೌದೆಗೆ ಆಸರೆಯಾಗಿ ಎರಡೂ ಬದಿ ಹಿತ್ತಾಳೆಯ ಗೊಂಬೆಗಳು. ಮೇಲೊಂದು ಪುಟ್ಟ ಮುಖ, ಅದರ ಕೆಳಗೆ ಕತ್ತು, ಕತ್ತು, ಇನ್ನೂ ಕತ್ತು! ಕೇಕು ತಿಂದು ಕತ್ತು ಉದ್ದುದ್ದ ಬೆಳೆದ ಆಲಿಸ್ ನೆನಪಾಗದಿದ್ದರೆ ಕೇಳಿ. ಇದೇ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಚಾರ್ಲ್ಸ್ ಡಾಡ್ಜ್‌ಸನ್, ಅಂದರೆ ನಮ್ಮ ಲೂಯಿಸ್ ಕ್ಯಾರಲ್, ಊಟಕ್ಕೆ ಕೂತಾಗಲೆಲ್ಲ ಈ ಗೊಂಬೆಗಳು ಕಣ್ಣಿಗೆ ಬೀಳುತ್ತಿದ್ದವು.

ನಿಜಜೀವನದ ಆಲಿಸ್ ಕೂಡ ಈ ಕಾಲೇಜಿನ ಮುಖ್ಯಸ್ಥ ಹೆನ್ರಿ ಲಿಡೆಲ್ ಅವರ ಮಗಳೇ. 1862ರ ಜುಲೈ 4ರಂದು ಡಾಡ್ಜ್‌ಸನ್ ಮತ್ತು ಅವರ ಗೆಳೆಯ ಡಕ್‌ವರ್ತ್, ಲಿಡೆಲ್ ಮನೆಯ ಮೂವರು ಹುಡುಗಿಯರನ್ನು ದೋಣಿಯಲ್ಲಿ ಕೂರಿಸಿಕೊಂಡು ಫಾಲಿ ಬ್ರಿಜ್‌ನಿಂದ ಗಾಡ್‌ಸ್ಟೋವರೆಗೆ ಹುಟ್ಟು ಹಾಕಿದರು. ಕಥೆ ಹುಟ್ಟಿದ್ದು ಆ ನೀರಿನ ಮೇಲೆ! ಕಣ್ಣೀರಿನ ಕೊಳದಲ್ಲಿ ಈಜುವ ಬಾತುಕೋಳಿ ಡಕ್‌ವರ್ತ್, ಲೋರಿ ಗಿಳಿ ಅಕ್ಕ ಲೊರೀನಾ, ಹದ್ದಿನ ಮರಿ ತಂಗಿ ಈಡಿತ್. ದೋಣಿಯಲ್ಲಿದ್ದವರೇ ಒದ್ದೆಯಾಗಿ ಕಥೆಯೊಳಗೆ ಜಿಗಿದಿದ್ದಾರೆ. ಡೋಡೋ ಹಕ್ಕಿಯ ಪಾತ್ರ ಡಾಡ್ಜ್‌ಸನ್‌ರದೇ. ನಿಜವಾದ ಡೋಡೋ ಬೇಕೇ? ಇಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋಗಿ. ಅಳಿದುಹೋದ ಆ ಹಕ್ಕಿಯ ಚರ್ಮ ಉಳಿದಿರುವ ತಲೆ ಈ ಸಂಗ್ರಹದಲ್ಲಿ ಇಂದಿಗೂ ಇದೆ!

ಕಾಲೇಜಿನ ಎದುರಿಗೇ, ಸೇಂಟ್ ಆಲ್ಡೇಟ್ಸ್ ಬೀದಿಯ 83ನೇ ನಂಬರಿನಲ್ಲಿ ಒಂದು ಪುಟಾಣಿ ಅಂಗಡಿ. ಆಲಿಸ್ ಮಿಠಾಯಿ ಕೊಳ್ಳುತ್ತಿದ್ದ ಈ ಅಂಗಡಿಯೇ 1871ರ ಎರಡನೆಯ ಪುಸ್ತಕದಲ್ಲಿ ಮುದಿ ಕುರಿಯೊಂದು ಕೂತು ಹೆಣಿಗೆ ಹಾಕುವ ಅಂಗಡಿಯಾಯಿತು. ಚಿತ್ರಕಾರ ಟೆನಿಯಲ್ ಬರೆದ ಚಿತ್ರವನ್ನು ಹಿಡಿದುಕೊಂಡು ಇಲ್ಲಿ ನಿಲ್ಲಬೇಕು. ಬಾಗಿಲು ಇರಬೇಕಾದಲ್ಲಿ ಕಿಟಕಿ, ಕಿಟಕಿ ಇರಬೇಕಾದಲ್ಲಿ ಬಾಗಿಲು! ಕನ್ನಡಿಯಾಚೆಯ ಲೋಕ ಅಲ್ಲವೇ, ಇಡೀ ಅಂಗಡಿ ಎಡಬಲ ತಿರುಗಿದೆ. ಫುಟ್‌ಪಾತಿನಲ್ಲಿ ನಿಂತು ಒಮ್ಮೆ ಪುಟ, ಒಮ್ಮೆ ಕಟ್ಟಡ ನೋಡುವಾಗ ಮೈ ಜುಮ್ಮೆನ್ನುತ್ತದೆ.

ಅಲ್ಲಿಂದ ಹೈ ಸ್ಟ್ರೀಟ್ ದಾಟಿ ಸೇಂಟ್ ಮೇರಿ ಚರ್ಚಿನ ಪಕ್ಕದ ಓಣಿ. ಮರದ ಬಾಗಿಲ ನಡುವೆ ಸಿಂಹದಂಥ ಮುಖದ ಕೆತ್ತನೆ, ಇಕ್ಕೆಲಗಳಲ್ಲಿ ಆಡಿನ ಕಾಲಿನ ಎರಡು ಬಂಗಾರ ಬಣ್ಣದ ಫಾನ್‌ಗಳು, ನಾಲ್ಕು ಹೆಜ್ಜೆ ಮುಂದೆ ಬೀದಿದೀಪದ ಕಂಬ. ನಾರ್ನಿಯಾ! ಆ ಕಥೆಗಳನ್ನು ಬರೆದ ಸಿ.ಎಸ್. ಲೂಯಿಸ್ ಈ ಚರ್ಚಿನಲ್ಲಿ 1941ರಲ್ಲಿ ಪ್ರವಚನ ಕೊಟ್ಟವರು. ಅವರು ಚರ್ಚಿನ ಬಾಗಿಲಿನಿಂದ ಹೊರಬಂದು ಇದನ್ನೆಲ್ಲ ಕಂಡರು ಎನ್ನುವುದು ಊರಿನ ದಂತಕಥೆ. ಲೂಯಿಸರ ಮಾತೇ ಬೇರೆ: ಹಿಮದ ಕಾಡಿನಲ್ಲಿ ಕೊಡೆ ಹಿಡಿದು, ಪೊಟ್ಟಣ ಹೊತ್ತು ನಡೆಯುವ ಫಾನ್‌ನ ಚಿತ್ರ ಹದಿನಾರರ ವಯಸ್ಸಿನಿಂದಲೇ ತಮ್ಮ ತಲೆಯಲ್ಲಿತ್ತು ಎಂದು ಬರೆದಿದ್ದಾರೆ. ಆಕ್ಸ್‌ಫರ್ಡ್‌ಗೆ ಓದಲು ಬಂದದ್ದು ಆಮೇಲೆ. ನನಗಂತೂ ದಂತಕಥೆಗಿಂತ ಇದೇ ದೊಡ್ಡ ವಿಸ್ಮಯ. ಹುಡುಗನ ಮನಸ್ಸಿನಲ್ಲಿದ್ದ ಫಾನ್‌, ಮುಂದೆ ಅವನು ಬದುಕಿದ ಊರಿನ ಬಾಗಿಲಲ್ಲಿ ಮೊದಲೇ ಕಾದು ನಿಂತಿತ್ತು!

ಲೂಯಿಸ್ 1925ರಿಂದ 1954ರವರೆಗೆ ಕಲಿಸಿದ ಮಾಡ್ಲಿನ್ ಕಾಲೇಜು ಹೈ ಸ್ಟ್ರೀಟಿನ ತುದಿಯಲ್ಲಿದೆ. ಅರವತ್ತರ ದಶಕದ ಮೊದಲಲ್ಲಿ ಗಿರೀಶ ಕಾರ್ನಾಡರು ಓದಿದ್ದು ಇಲ್ಲೇ! ಕುದುರೆಮುಖದ ಹಯವದನನನ್ನೂ ಗಂಡನ ರೂಪ ತಳೆಯುವ ನಾಗನನ್ನೂ ಮುಂದೆ ನಮ್ಮ ರಂಗಕ್ಕೆ ತಂದವರು ಈ ಅಂಗಳದಲ್ಲಿ ಓಡಾಡಿದ್ದರು ಎಂದುಕೊಂಡರೆ ಕನ್ನಡಿಗರ ಹೆಜ್ಜೆ ತಾನೇ ನಿಧಾನವಾಗುತ್ತದೆ.

ರಸ್ತೆ ದಾಟಿದರೆ 1621ರ ಬೊಟಾನಿಕ್ ಗಾರ್ಡನ್. ಅದರ ಹಿಂಭಾಗದಲ್ಲಿ ಒಂದು ಮರದ ಬೆಂಚು. ಫಿಲಿಪ್ ಪುಲ್‌ಮನ್‌ರ ಕಾದಂಬರಿಯಲ್ಲಿ ಲೈರಾ ಒಂದು ಲೋಕದವಳು, ವಿಲ್ ಇನ್ನೊಂದು ಲೋಕದವನು. ಎರಡೂ ಲೋಕಗಳಲ್ಲಿ ಆಕ್ಸ್‌ಫರ್ಡ್ ಇದೆ, ಈ ಬೆಂಚೂ ಇದೆ. ಮತ್ತೆಂದೂ ಭೇಟಿಯಾಗಲಾರದ ಇಬ್ಬರೂ ವರ್ಷಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಇದರ ಮೇಲೆ ಬಂದು ಕೂರುವ ಮಾತು ಕೊಟ್ಟುಕೊಳ್ಳುತ್ತಾರೆ. ಓದುಗರು ಆ ಹೆಸರುಗಳನ್ನು ಬೆಂಚಿನ ಮರದಲ್ಲಿ ಕೊರೆದಿದ್ದಾರೆ. ಬೆರಳಾಡಿಸಿ ನೋಡಿದರೆ ತಿಳಿಯುತ್ತದೆ, ಯಾರ್‍ಯಾರೋ ಎಷ್ಟು ಪ್ರೀತಿಯಿಂದ ಗೀಚಿದ್ದಾರೆಂದು.

ಇನ್ನು ಟೋಲ್ಕಿನ್. ಇಷ್ಟು ದೂರ ಬಂದ ಮೇಲೆ ಊರಿನ ಉತ್ತರಕ್ಕಿರುವ ನಾರ್ತ್‌ಮೂರ್ ರಸ್ತೆಗೆ ಹೋಗದೆ ಇರಬಾರದು. 20ನೇ ನಂಬರಿನ ಗೋಡೆಯ ಮೇಲೆ ಅವರ ಹೆಸರಿನ ನೀಲಿ ಫಲಕವಿದೆ. 1930ರಿಂದ 1947ರವರೆಗೆ ವಾಸವಿದ್ದ ಈ ಮನೆಯಲ್ಲೇ 'ಲಾರ್ಡ್ ಆಫ್ ದಿ ರಿಂಗ್ಸ್'ನ ಬಹುಪಾಲು ಬರೆದದ್ದು. ಅದಕ್ಕೂ ಮೊದಲು, ಬೇಸಿಗೆಯ ಒಂದು ದಿನ, ಸಂಸಾರದ ಖರ್ಚಿಗೆಂದು ಈ ಪ್ರೊಫೆಸರು ಶಾಲಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ರಾಶಿ ಹಾಕಿಕೊಂಡು ತಿದ್ದುತ್ತಿದ್ದರು. ನಡುವೆ ಯಾರೋ ವಿದ್ಯಾರ್ಥಿ ಒಂದು ಪುಟ ಖಾಲಿ ಬಿಟ್ಟಿದ್ದ. ಟೋಲ್ಕಿನ್ ಆ ಬಿಳಿ ಹಾಳೆಯ ಮೇಲೆ ಬಿಲದಲ್ಲಿರುವ ಹಾಬಿಟ್ ಎಂಬೊಂದು ಜೀವಿಯ ಬಗ್ಗೆ ಒಂದೇ ಒಂದು ವಾಕ್ಯ ಗೀಚಿದರು. ಹಾಗೆಂದರೇನು ಎಂಬುದು ಆ ಕ್ಷಣ ಅವರಿಗೂ ತಿಳಿದಿರಲಿಲ್ಲ! ತಿಳಿಯಲೆಂದೇ ಬರೆಯುತ್ತ ಹೋದರು. ಪುಸ್ತಕ ಅಚ್ಚಾದದ್ದು 1937ರಲ್ಲಿ.