ಮೂಡಲಗಿ ಸಂತೆಯ ಲ್ಯಾಪ್‌ಟಾಪ್ ಚೀಲ

ರವಿವಾರ ಮೂಡಲಗಿಯಲ್ಲಿ ಸಂತೆ. ಹೊತ್ತೇರುವ ಮುಂಚೆಯೇ ದನದ ಪೇಟೆಯಲ್ಲಿ ಎಮ್ಮೆಗಳ ಸಾಲು ನಿಂತಿರುತ್ತದೆ. ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತಾರೆ. ಕೊಳ್ಳುವವನು ಎಮ್ಮೆಯ ಬಾಯಿ ತೆರೆದು ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲಷ್ಟೇ ಕೈ ಮುಂದೆ ಮಾಡುತ್ತಾನೆ. ಅಲ್ಲಿಂದ ಊರೊಳಗೆ ಬಂದರೆ ಎಲ್ಲಿ ನೋಡಿದರೂ ಚೀಲ. ಹೊಸ ಹಗ್ಗ, ಮೂಗುದಾರ ತುರುಕಿದ ಗೋಣಿಚೀಲ. ಯೂರಿಯಾ ಚೀಲ ಕತ್ತರಿಸಿ ಹೊಲಿದ, ಬದನೆಕಾಯಿ, ಮೆಂತೆಪಲ್ಲೆ ಇಣುಕುವ ಪಿಶವಿ. ಮುದುಕಿಯ ಸೊಂಟದಲ್ಲಿ ಎಲೆ, ಅಡಿಕೆ, ಸುಣ್ಣ ಬೇರೆ ಬೇರೆ ಕಿಸೆಯಲ್ಲಿಟ್ಟ ಸಂಚಿ. ಇವುಗಳ ನಡುವೆ ದಾರಿ ಮಾಡಿಕೊಳ್ಳುತ್ತ ಹೋಗುವ ಹುಡುಗ ಹುಡುಗಿಯರ ಬೆನ್ನ ಮೇಲೆ ಒಂದು ಕಪ್ಪು ಚೀಲ. ಜನ ಒತ್ತಿ ಬಂದಾಗ ಅದನ್ನು ಬೆನ್ನಿನಿಂದ ತೆಗೆದು ಎದೆಗವಚಿಕೊಳ್ಳುತ್ತಾರೆ. ಒಳಗಿರುವುದು ಲ್ಯಾಪ್‌ಟಾಪ್.

ಈ ಸೀಮೆಗೆ ಅದು ಹೊಸ ಹೊರೆ. ಮೊದಲೆಲ್ಲ ಅದು ಬ್ಯಾಂಕಿನ ಸಾಹೇಬರ ಟೇಬಲ್ಲಿನ ಮೇಲೋ, ಪುಣೆ ಬೆಂಗಳೂರಿನಿಂದ ಜಾತ್ರೆಗೆ ಬಂದ ಎಂಜಿನಿಯರ್ ಮಕ್ಕಳ ತೊಡೆಯ ಮೇಲೋ ಕಾಣುತ್ತಿತ್ತು. ಆಮೇಲೆ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಮೊದಲ ವರ್ಷಕ್ಕೆ ಸೇರಿದವರಿಗೆ ರಾಜ್ಯ ಸರ್ಕಾರ ಉಚಿತ ಲ್ಯಾಪ್‌ಟಾಪ್ ಹಂಚಿತು. ಕೊರೋನಾ ಕಾಲದಲ್ಲಿ, 2021ರ ಜೂನ್‌ನಲ್ಲಿ, ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡುವ ಯೋಜನೆಗೆ ಚಾಲನೆ ಸಿಕ್ಕಿತು. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೂ ಕಾರ್ಮಿಕ ಇಲಾಖೆ ಲ್ಯಾಪ್‌ಟಾಪ್ ಕೊಟ್ಟಿತು. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯದಲ್ಲಿ ಓದುವವರು, ಗೋಕಾಕಕ್ಕೆ ದಿನವೂ ಬಸ್ಸು ಹಿಡಿಯುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರು, ಕಂತು ಕಟ್ಟಿಯೋ ಕಬ್ಬಿನ ಬಿಲ್ಲು ಬಂದಾಗಲೋ ಒಂದು ಯಂತ್ರ ತಂದುಕೊಂಡರು. ಯಂತ್ರ ಯಾರೇ ಕೊಡಿಸಲಿ, ಅದನ್ನು ದಿನಾ ಹೊರುವ ಚೀಲದ ಚಿಂತೆ ಮಾತ್ರ ಮನೆಯವರದೇ.

ಆ ಚಿಂತೆ ಹೊತ್ತ ಅಪ್ಪ ಮಗಳು ಕಲ್ಮೇಶ್ವರ ಸರ್ಕಲ್ಲಿನ ಆಸುಪಾಸಿನ ಅಂಗಡಿಯೊಂದರ ಮುಂದೆ ನಿಂತಿದ್ದಾರೆ. ಅಂಗಡಿಯ ಮುಖ ಕಾಣುವುದೇ ಇಲ್ಲ, ಹಾಗೆ ಚೀಲ ನೇತು ಹಾಕಿದ್ದಾರೆ.

"ಬರ್ರಿ ಕಾಕಾ, ಸಾಲಿ ಚೀಲ ಬೇಕೇನ್ರಿ?"

"ಸಾಲಿದಲ್ಲೋ ತಮ್ಮಾ, ಲ್ಯಾಪ್‌ಟಾಪ್ ಇಡೂದು. ಮಗಳು ಗೋಕಾಕಕ್ಕ ಕಾಲೇಜಿಗೆ ಹೋಗತಾಳ."

"ಎಷ್ಟ ಇಂಚಿಂದ್ರಿ?"

ಅಪ್ಪ ಮಗಳ ಮುಖ ನೋಡುತ್ತಾನೆ. "ಹದಿನಾಲ್ಕ್ರಿ ಅಣ್ಣಾ" ಎನ್ನುತ್ತಾಳೆ ಆಕೆ.

ಅಂಗಡಿಯವನು ಕೊಕ್ಕೆಗೋಲಿನಿಂದ ಇದ್ದುದರಲ್ಲೇ ದೊಡ್ಡದನ್ನು ಇಳಿಸುತ್ತಾನೆ. "ಇದ ತಗೊಳ್ರಿ, ಹದಿನೇಳರದ್ದ. ಬಟ್ಟಿ, ಬುತ್ತಿ, ಪುಸ್ತಕ, ಎಲ್ಲಾ ಹಿಡಿತೈತಿ."

ಅಪ್ಪನಿಗೆ ಅದೇ ಸರಿ ಕಾಣುತ್ತದೆ. ಕೊಟ್ಟ ರೊಕ್ಕಕ್ಕೆ ಹೆಚ್ಚು ಬಟ್ಟೆ. "ದೊಡ್ಡದಿದ್ರ ಚಲೋ ಅಲ್ಲೇನವಾ? ನಾಳೆ ದೊಡ್ಡ ಮಷಿನ್ ತಂದ್ರೂ ಬರತೈತಿ."

"ಬ್ಯಾಡಪಾ, ಒಳಗ ಅಳ್ಳಾಡತೈತಿ."

ಮಗಳ ಮಾತೇ ನಿಜ. ಸಡಿಲ ಚೀಲದೊಳಗಿನ ಯಂತ್ರ ಪ್ರತಿ ತಗ್ಗಿಗೂ ಅತ್ತಿತ್ತ ಜಾರಿ ಮೂಲೆಯ ಮೇಲೆ ಬೀಳುತ್ತದೆ. ಪೆಟ್ಟು ಬಿದ್ದ ಮೂಲೆಯಿಂದಲೇ ಪರದೆ ಬಿರುಕು ಬಿಡುವುದು. ಇಂಚಿನ ಲೆಕ್ಕವನ್ನೇ ನಂಬಿ ಕೊಂಡರೂ ಕೆಲವೊಮ್ಮೆ ಕೈಕೊಡುತ್ತದೆ. ಹದಿನಾಲ್ಕು ಇಂಚು ಅಂದರೆ ಪರದೆಯ ಮೂಲೆಯಿಂದ ಮೂಲೆಗೆ ಹಿಡಿದ ಅಳತೆ, ಸುಮಾರು 35.6 ಸೆಂ.ಮೀ. ಯಂತ್ರದ ಅಗಲ ಉದ್ದ ಅದರಲ್ಲಿ ಸಿಗುವುದಿಲ್ಲ. ಪರದೆಯ ಸುತ್ತಲಿನ ಅಂಚು ತೆಳುವಾದ ಈಗಿನ ಯಂತ್ರ ಸುಮಾರು 32 ಸೆಂ.ಮೀ. ಅಗಲವಿದ್ದರೆ, ದಪ್ಪ ಅಂಚಿನ ಹಳೆಯದು 34ರ ಹತ್ತಿರ ಹೋಗುತ್ತದೆ. ಎರಡೂ ಹದಿನಾಲ್ಕರವೇ, ಒಂದಕ್ಕೆ ಕೂಡುವ ಚೀಲ ಇನ್ನೊಂದಕ್ಕೆ ಬಿಗಿ. ಹತ್ತು ಇಂಚಿನ ಟ್ಯಾಬ್ಲೆಟ್ಟಾದರೆ ಸುಮಾರು 25 ಸೆಂ.ಮೀ. ಉದ್ದ, ಅರ್ಧ ಕಿಲೋ ತೂಕ. ಅದಕ್ಕೆ ಬೆನ್ನಚೀಲವೇ ಬೇಡ, ಅಡ್ಡಪಟ್ಟಿಯ ಬಗಲಚೀಲ ಸಾಕು. ಆದ್ದರಿಂದ ಅಂಗಡಿಗೆ ಬರುವಾಗ ಇಂಚು ಹೇಳುವುದಕ್ಕಿಂತ ಯಂತ್ರವನ್ನೇ ತರುವುದು ಮೇಲು, ಇಲ್ಲವೇ ಅದರ ಅಳತೆಗೆ ಕತ್ತರಿಸಿದ ಒಂದು ರಟ್ಟು.

ಮಗಳು ಬುದ್ಧಿವಂತೆ, ಯಂತ್ರವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಪಾಟಿಚೀಲದಲ್ಲಿ ತಂದಿದ್ದಾಳೆ. ಅಂಗಡಿಯವನು ಸಣ್ಣ ಅಳತೆಯ ನಾಲ್ಕು ಚೀಲ ಗಲ್ಲೆಯ ಮುಂದೆ ಹರಡುತ್ತಾನೆ. ಹೊರಗಿನಿಂದ ನಾಲ್ಕೂ ಚೆಂದ. ಒಂದರ ಮೇಲೆ ಹೆಸರಾಂತ ಕಂಪನಿಯ ಹೆಸರಿದೆ, ಕಾಗುಣಿತದಲ್ಲಿ ಒಂದಕ್ಷರ ಮಾತ್ರ ಹೆಚ್ಚು. ಇನ್ನೊಂದರ ಮುಂಭಾಗದಲ್ಲಿ ಮಿಂಚುವ ರಬ್ಬರಿನ ಚಿತ್ರ. ಎಮ್ಮೆಯ ಹಲ್ಲು ನೋಡದೆ ದರ ಮಾತಾಡದ ಜನ ಚೀಲವನ್ನು ಮಾತ್ರ ಮೈಬಣ್ಣ ನೋಡಿ ಕೊಂಡೊಯ್ಯುವುದುಂಟು. ಚೀಲಕ್ಕೂ ಹಲ್ಲು ಇರುತ್ತವೆ. ನೋಡಬೇಕು.

ಮೊದಲು ತಳ. ಬೆನ್ನಚೀಲವನ್ನು ಬಸ್ಸಿನ ನೆಲದ ಮೇಲೆ, ಕ್ಲಾಸಿನ ಕಲ್ಲುಹಾಸಿನ ಮೇಲೆ ದಿನಕ್ಕೆ ಹತ್ತಾರು ಸಲ ಇಳಿಸುತ್ತೇವೆ, ಇಳಿಸುವುದೇನು, ಕುಕ್ಕುತ್ತೇವೆ. ಲ್ಯಾಪ್‌ಟಾಪಿನ ಒಳಕಿಸೆಗೆ ಕೈ ಹಾಕಿ ಕೆಳಗಿನವರೆಗೂ ಇಳಿಸಿ ನೋಡಿದರೆ ಗೊತ್ತಾಗುತ್ತದೆ. ಒಳ್ಳೆಯ ಚೀಲದಲ್ಲಿ ಆ ಕಿಸೆ ತಳಕ್ಕಿಂತ ಎರಡು ಮೂರು ಬೆರಳು ಮೇಲೆಯೇ ನಿಲ್ಲುತ್ತದೆ, ಯಂತ್ರ ನೆಲ ಮುಟ್ಟದೆ ತೂಗುತ್ತದೆ. ಅಗ್ಗದ್ದರಲ್ಲಿ ಕಿಸೆ ತಳದವರೆಗೂ ಇಳಿದು, ಯಂತ್ರಕ್ಕೂ ನೆಲಕ್ಕೂ ನಡುವೆ ಒಂದೇ ಪದರ ಬಟ್ಟೆ ಉಳಿದಿರುತ್ತದೆ. ಒಳಗಿನ ಫೋಮನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಬೇಕು. ಬೆರಳುಗಳು ಒಂದಕ್ಕೊಂದು ತಾಕಿದರೆ ಅದು ತೆಳು ಸ್ಪಂಜು, ಆರು ತಿಂಗಳಲ್ಲಿ ಹಪ್ಪಳವಾಗುತ್ತದೆ.

ಆಮೇಲೆ ಪಟ್ಟಿಯ ಬುಡ. ಹೆಗಲಪಟ್ಟಿ ಚೀಲಕ್ಕೆ ಕೂಡುವ ಜಾಗದಲ್ಲೇ ಇಡೀ ಭಾರ ಜಗ್ಗುವುದು. ಅಲ್ಲಿ ಒಂದೇ ಗೆರೆ ಹೊಲಿಗೆ ಇದ್ದರೆ ಬಿಟ್ಟು ಮುಂದೆ ಹೋಗಬೇಕು. ಚೌಕ ಹೊಲಿದು, ಆ ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹಾಯಿಸಿದ್ದರೆ ಅದು ಬಾಳುತ್ತದೆ. ಮಗಳು ಒಂದು ಚೀಲವನ್ನು ಒಳಮಗ್ಗಲು ಮಾಡುತ್ತಾಳೆ. ಹೊಲಿಗೆಯಂಚಿನಲ್ಲಿ ದಾರ ಬಿಚ್ಚಿ ಮೀಸೆಯೆದ್ದಿವೆ. ಇನ್ನೊಂದರಲ್ಲಿ ಅಂಚಿನುದ್ದಕ್ಕೂ ನಾಡ ಕಟ್ಟಿ ಮುಚ್ಚಿ ಹೊಲಿದಿದ್ದಾರೆ. ಅಪ್ಪ ಈಗ ಹುರುಪಿಗೆ ಬಂದಿದ್ದಾನೆ. ಜಿಪ್ಪನ್ನು ಹಿಂದೆ ಮುಂದೆ ಎಳೆದು, ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೇನು ನೋಡುತ್ತಾನೆ. ಚೀಲದ ಬಟ್ಟೆ ಹತ್ತು ವರ್ಷ ಬಂದರೂ ಜಿಪ್ಪು ಹೋದರೆ ಚೀಲ ಹೋದ ಹಾಗೆಯೇ.

ಬಟ್ಟೆಯ ಚೀಟಿಯ ಮೇಲೆ 600 ಡಿ ಎಂದು ಬರೆದಿರುತ್ತದೆ. ಅದು ಡೀನಿಯರ್ ಎಂಬ ನೂಲಿನ ಅಳತೆ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅಷ್ಟು ಡೀನಿಯರ್. 600ರ ಪಾಲಿಯೆಸ್ಟರ್ ದಿನಬಳಕೆಗೆ ಸಾಕು. ಸಂಖ್ಯೆ ಏರಿದಷ್ಟೂ ಬಟ್ಟೆ ಗಟ್ಟಿ, ಜೊತೆಗೆ ಭಾರ. ರೆಕ್ಸಿನ್ ನೋಡಲು ಠೀವಿ, ಆದರೆ ನಾಲ್ಕು ಬೇಸಿಗೆ ಕಂಡರೆ ಮಡಿಕೆಯಲ್ಲಿ ಬಿರಿದು ಸಿಪ್ಪೆ ಏಳುತ್ತದೆ.

ಬೇಸಿಗೆಯ ಮಾತು ಬಂತು. ಚೀಲಕ್ಕೆ ನಿಜವಾದ ಪರೀಕ್ಷೆ ನಡೆಯುವುದು ಅಂಗಡಿಯ ಹೊರಗೆ, ಈ ಸೀಮೆಯ ದಾರಿಯ ಮೇಲೆ. ಕಬ್ಬು ಕಡಿಯುವ ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯತ್ತ ಸಾಲುಗಟ್ಟುತ್ತವೆ. ಅವುಗಳ ಹಿಂದೆ ಬೈಕಿನಲ್ಲಿ ಹೋದರೆ ಧೂಳು ಹುಬ್ಬಿಗೂ ಕೂಡುತ್ತದೆ, ಜಿಪ್ಪಿನ ಹಲ್ಲಿಗೂ ಕೂಡುತ್ತದೆ. ಜಿಪ್ಪಿನ ಮೇಲೆ ಬಟ್ಟೆಯ ಮುಚ್ಚಿಗೆ ಇರುವ ಚೀಲ ಇಲ್ಲಿ ಶೋಕಿಯಲ್ಲ. ಚೈತ್ರ ವೈಶಾಖದ ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯೊಳಗೆ ಲ್ಯಾಪ್‌ಟಾಪ್ ಇಟ್ಟು ಲಗ್ನಕ್ಕೆ ಹೋಗುವುದು ಬ್ಯಾಟರಿಗೆ ಕೇಡು. ಪೂರ್ತಿ ಆರಿಸದೆ ಚೀಲಕ್ಕೆ ತುರುಕಿದರೂ ಒಳಗೊಳಗೇ ಕಾಯುತ್ತದೆ.

ಬಸ್ಸಿನದು ಇನ್ನೊಂದು ಕಥೆ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ವಾಯವ್ಯ ಸಾರಿಗೆಯ ಬಸ್ಸುಗಳಲ್ಲಿ ಬೆಳಗಿನ ಹೊತ್ತು ಕಾಲಿಡಲು ಜಾಗವಿರದು. ಹಳ್ಳಿಯ ಹುಡುಗಿಯರು ಗೋಕಾಕಕ್ಕೆ ಹೋಗಿ ಓದುವುದು ಅದರಿಂದ ಹಗುರಾಯಿತು, ಚೀಲಕ್ಕೆ ಮಾತ್ರ ಒತ್ತಡ ಹೆಚ್ಚಿತು. ಬೆನ್ನಿಗೆ ಅಂಟಿಕೊಂಡು ನಿಲ್ಲುವ ತೆಳು ಚೀಲವೇ ಇಲ್ಲಿ ವಾಸಿ; ಮುಂದಕ್ಕೂ ತಿರುಗಿಸಿ ಹಾಕಿಕೊಳ್ಳಬಹುದು. ಯಂತ್ರದ ಕಿಸೆ ಬೆನ್ನ ಕಡೆಗೆ ಇರಬೇಕು. ಹೊರಮಗ್ಗಲಿಗಿದ್ದರೆ ಹಿಂದಿನವರ ಮೊಣಕೈ ನೇರ ಪರದೆಗೇ ತಾಗುತ್ತದೆ.

ಮತ್ತೆ ಬುತ್ತಿ. ಇದನ್ನು ಕಂಪನಿಯವರು ಯೋಚಿಸಿರುವುದಿಲ್ಲ. ಇಲ್ಲಿಯ ಕಾಲೇಜು ಹುಡುಗಿಯ ಚೀಲದಲ್ಲಿ ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಇದ್ದೇ ಇರುತ್ತದೆ. ಡಬ್ಬಿ ಅಡ್ಡ ಬಿದ್ದರೆ ಎಣ್ಣೆ ಮೊದಲು ಹುಡುಕುವುದು ಕೀಬೋರ್ಡನ್ನೇ. ಆದ್ದರಿಂದ ಡಬ್ಬಿ ನೆಟ್ಟಗೆ ನಿಲ್ಲುವ ಬೇರೆ ಅಂಕಣ ಬೇಕು, ನೀರಿನ ಬಾಟಲಿಗೆ ಹೊರಗಿನ ಜಾಳಿಗೆ ಕಿಸೆ ಬೇಕು. ಊರಿಗೆ ಮರಳುವಾಗ ಕೊಂಡ ಗೋಕಾಕ ಕರದಂಟಿನ ಪೊಟ್ಟಣವೂ ಯಂತ್ರದ ಮಗ್ಗುಲಲ್ಲಿ ಬೇಡ, ಬೆಲ್ಲ ತುಪ್ಪದ ಜಿಡ್ಡು ಚೀಲದಿಂದ ಹೋಗುವುದಿಲ್ಲ.

ಮಳೆ ಇಲ್ಲಿ ಬೆಳಗಾವಿಯಷ್ಟು ಸುರಿಯದು. ಆದರೆ ಮೇಲ್ಗಡೆ ಸುರಿದದ್ದು ಘಟಪ್ರಭೆಯಲ್ಲಿ ಇಳಿದು ಬರುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕದ ಓಣಿಗಳಿಗೇ ಹೊಳೆ ಹೊಕ್ಕಿತ್ತು. ಹೊಳೆ ತುಂಬಿದಾಗ ಸುಣಧೋಳಿ, ಅವರಾದಿಯ ಸೇತುವೆಗಳು ಮುಳುಗಿ, ಕಾಲೇಜಿಗೆ ಹೊರಟವರು ಸುತ್ತಿ ಬಳಸಿ, ತೊಯ್ಸಿಕೊಂಡು ಹೋಗಬೇಕಾಗುತ್ತದೆ. 'ವಾಟರ್‌ಪ್ರೂಫ್' ಎಂದು ಚೀಟಿ ಅಂಟಿಸಿದ ಚೀಲ ಹೆಚ್ಚಾಗಿ ಜಿಟಿಜಿಟಿ ಮಳೆಗಷ್ಟೇ ತಡೆ. ಜಡಿಮಳೆಯಲ್ಲಿ ನೀರು ಹೊಲಿಗೆಯ ತೂತಿನಿಂದ, ಜಿಪ್ಪಿನಿಂದ ಒಳಗೆ ಬರುತ್ತದೆ. ತಳದ ಕಿಸೆಯಲ್ಲಿ ಮಡಚಿಟ್ಟ ಮಳೆಹೊದಿಕೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಯಂತ್ರವನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಇಟ್ಟರೂ ನಡೆಯುತ್ತದೆ.

ಹಳೆಯ ಚೀಲ ಗಟ್ಟಿಯಿದ್ದು, ಒಳಗೆ ಮೆತ್ತನೆಯ ಕಿಸೆಯೊಂದಿಲ್ಲ ಎನ್ನುವವರಿಗೆ ಅಂಗಡಿಗೆ ಹೋಗುವ ಕೆಲಸವೇ ಇಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ದಾರ ಎಳೆದು ಕೌದಿ ಹೊಲಿಯುವ ಕೈಗಳು ಈ ಕಡೆಯ ಹಳ್ಳಿಗಳಲ್ಲಿ ಇನ್ನೂ ಇವೆ. ಅದೇ ಕೌದಿಯ ತುಂಡಿನಿಂದ ಲ್ಯಾಪ್‌ಟಾಪಿಗೆ ಗವುಸು ಹೊಲಿಯಬಹುದು. ಲೆಕ್ಕ ಸುಲಭ. ಯಂತ್ರದ ಅಗಲ 32, ದಪ್ಪ 2 ಸೆಂ.ಮೀ. ಇದ್ದರೆ ಗವುಸಿನ ಒಳಅಗಲ 34, ಸಡಿಲಿಕೆಗೆ ಇನ್ನೊಂದು ಸೇರಿಸಿ 35. ಉದ್ದಕ್ಕೂ ಇದೇ ಲೆಕ್ಕ, ಮೇಲೆ ಮಡಚುವ ಮುಚ್ಚಳಕ್ಕೆ ಒಂದು ಗೇಣು ಬೇರೆ. ದಪ್ಪವನ್ನು ಮರೆತು ಬರೀ ಅಗಲಕ್ಕೆ ಕತ್ತರಿಸಿದರೆ ಗವುಸು ಏರುವುದೇ ಇಲ್ಲ. ಜಿಪ್ಪು ಬೇಡ, ಲೋಹದ ಹಲ್ಲು ಯಂತ್ರದ ಮೈ ಗೀರುತ್ತದೆ. ಗುಂಡಿ ಅಥವಾ ಲಾಡಿ ಸಾಕು. ತೊಳೆದರೆ ಹೊಸದಾಗುತ್ತದೆ, ಹರಿದರೆ ಮನೆಯಲ್ಲೇ ತೇಪೆ ಬೀಳುತ್ತದೆ.

ಕೊನೆಗೆ ಭಾರ. 1981ರಲ್ಲಿ ಅಮೆರಿಕದಲ್ಲಿ ಬಂದ ಆಸ್ಬೋರ್ನ್ 1 ಎಂಬ 'ಹೊತ್ತೊಯ್ಯುವ' ಕಂಪ್ಯೂಟರ್ 10 ಕೆ.ಜಿ. ಮೀರಿ ತೂಗುತ್ತಿತ್ತು. ಈಗ ಹದಿನಾಲ್ಕು ಇಂಚಿನದು ಒಂದೂವರೆ ಕೆ.ಜಿ.ಯ ಆಸುಪಾಸು. ಹಗುರಾದದ್ದನ್ನು ನಾವೇ ಭಾರ ಮಾಡುತ್ತಿದ್ದೇವೆ: ಚೀಲದ್ದೇ ಒಂದು ಕೆ.ಜಿ., ಚಾರ್ಜರ್, ಪವರ್ ಬ್ಯಾಂಕ್, ಬಾಟಲಿ, ಬುತ್ತಿ, ನಾಲ್ಕು ನೋಟ್‌ಬುಕ್ಕು. ಒಂಬತ್ತು ಹತ್ತನೇ ತರಗತಿಯ ಮಕ್ಕಳ ಚೀಲ 4ರಿಂದ 5 ಕೆ.ಜಿ. ದಾಟಬಾರದೆಂದು ರಾಜ್ಯ ಸರ್ಕಾರ 2019ರಲ್ಲೇ ಆದೇಶಿಸಿದೆ. ಕಾಲೇಜಿನವರಿಗೆ ಅಂಥ ಆದೇಶವಿಲ್ಲ, ಬೆನ್ನು ಮಾತ್ರ ಅದೇ. ಒಂದೇ ಹೆಗಲಿಗೆ ಹಾಕುವ ಅಡ್ಡಪಟ್ಟಿಯ ಚೀಲ ಟ್ಯಾಬ್ಲೆಟ್ಟಿಗೆ ಸರಿ. ಲ್ಯಾಪ್‌ಟಾಪು, ಬುತ್ತಿ ಎರಡನ್ನೂ ಹೊತ್ತು ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ನಡೆಯುವವರಿಗೆ ಎರಡು ಪಟ್ಟಿಯದೇ ಬೇಕು.

ಅಂಗಡಿಯಲ್ಲಿ ವ್ಯಾಪಾರ ಕುದುರುತ್ತಿದೆ. ಮಿಂಚುವ ಚಿತ್ರದ್ದೂ ಅಲ್ಲ, ಹದಿನೇಳು ಇಂಚಿನದೂ ಅಲ್ಲ, ಮೂಲೆಯಲ್ಲಿದ್ದ ಬೂದುಬಣ್ಣದ ಸಾದಾ ಚೀಲ. ಯಂತ್ರ ಒಳಗಿಟ್ಟು ಮಗಳು ಎರಡು ಸಲ ಅಲ್ಲಾಡಿಸುತ್ತಾಳೆ, ಸದ್ದಿಲ್ಲ.

"ಎಂಟನೂರಾ ಐವತ್ರಿ ಕಾಕಾ."

"ಆರನೂರಾ ಐವತ್ತ ತಗೋ. ಬಣ್ಣ ನೋಡಿಲ್ಲ, ಹೊಲಿಗಿ ನೋಡೇನಿ."

ಏಳನೂರಕ್ಕೆ ಮುಗಿಯುತ್ತದೆ.

ಚೀಲ ಕೊಳ್ಳಲು ಹೊರಟವರಿಗೆ ಹೇಳುವುದು ಇಷ್ಟೇ: ಯಂತ್ರವನ್ನು ಜೊತೆಗೊಯ್ಯಿರಿ, ಚೀಲವನ್ನು ಒಳಮಗ್ಗಲು ಮಾಡಿ ನೋಡಿರಿ, ನೀವು ದಿನಾ ಹೋಗುವ ದಾರಿಯನ್ನು ನೆನೆದು ಆರಿಸಿರಿ. ಹೆಸರಿಗೆ ಕೊಡುವ ರೊಕ್ಕವನ್ನು ತಳಕ್ಕೆ, ಪಟ್ಟಿಯ ಬುಡಕ್ಕೆ, ಜಿಪ್ಪಿಗೆ ಕೊಟ್ಟರೆ ಚೀಲ ಪದವಿ ಮುಗಿಯುವವರೆಗೂ ಬಾಳುತ್ತದೆ.