ಶಿಶುವಿನ ಉಸಿರು

ನಮ್ಮ ಗಂಟಲಿನಲ್ಲಿ ಎರಡು ಮಾರ್ಗಗಳು ಕೂಡುತ್ತವೆ. ಒಂದು ಆಹಾರವನ್ನು ಜಠರಕ್ಕೆ ಒಯ್ಯುವ ಅನ್ನನಾಳ. ಇನ್ನೊಂದು ಗಾಳಿಯನ್ನು ಶ್ವಾಸಕೋಶಗಳಿಗೆ ಮುಟ್ಟಿಸುವ ಶ್ವಾಸನಾಳ. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ, ಉಸಿರೆಳೆಯುವಾಗ ತೆರೆದುಕೊಳ್ಳುತ್ತದೆ. ಬಾಯಲ್ಲಿ ತುತ್ತಿರುವಾಗಲೇ ಮಗು ನಕ್ಕರೆ, ಅತ್ತರೆ ಅಥವಾ ಓಡಿದರೆ ಈ ಕ್ರಮವು ತಪ್ಪಿ, ತುತ್ತು ಶ್ವಾಸನಾಳವನ್ನು ಹೊಗಬಹುದು.

ಈ ಅಪಾಯವು ದೊಡ್ಡವರಿಗಿಂತ ಎಳೆಯರಿಗೆ ಹೆಚ್ಚು. ಅಗಿಯುವ ದವಡೆಹಲ್ಲುಗಳು ಒಂದು ವರ್ಷ ಕಳೆದ ಮೇಲೆಯೇ ಮೂಡತೊಡಗುತ್ತವೆ. ಶಿಶುವಿನ ಶ್ವಾಸನಾಳವು ಬಹು ಕಿರಿದು. ಕೆಮ್ಮಿನ ಬಲವೂ ಅಲ್ಪ. ಕೈಗೆ ಸಿಕ್ಕಿದುದನ್ನೆಲ್ಲ ಬಾಯಿಗಿಟ್ಟು ನೋಡುವುದಂತೂ ಅದರ ಸ್ವಭಾವವೇ ಆಗಿದೆ.

ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿಯ ಚೂರು, ಹುಣಸೆಬೀಜ, ಇಡಿಯಾದ ದ್ರಾಕ್ಷಿ, ಗುಂಡಿ, ನಾಣ್ಯ, ಒಡೆದ ಬಲೂನಿನ ತುಂಡು—ಇವೆಲ್ಲವೂ ಎಳೆಯ ಮಕ್ಕಳಿಗೆ ಅಪಾಯಕರವಾದವು. ಸಂಕ್ರಾಂತಿಯಂದು ನಾವು ಬೀರುವ ಎಳ್ಳುಬೆಲ್ಲದಲ್ಲಿ ಇವುಗಳ ಪೈಕಿ ಮೊದಲಿನ ಮೂರೂ ಕೂಡಿರುತ್ತವೆ! ಐದು ವರ್ಷ ತುಂಬದ ಮಕ್ಕಳಿಗೆ ಅದನ್ನು ನುಣ್ಣಗೆ ಪುಡಿಮಾಡಿ ಕೊಡುವುದು ಲೇಸು.

ಉಸಿರುಗಟ್ಟಿದ ಮಗು ಕೂಗಿ ಕರೆಯಲಾರದು. ಜೋರಾಗಿ ಕೆಮ್ಮುತ್ತಿದ್ದರೆ ಗಾಳಿಯು ಇನ್ನೂ ಆಡುತ್ತಿದೆಯೆಂದು ತಿಳಿದು, ಕೆಮ್ಮಲು ಬಿಡಬೇಕು. ಕೆಮ್ಮೂ ಅಳುವೂ ನಿಂತು ತುಟಿಗಳು ನೀಲಿಗಟ್ಟಿದರೆ ಕ್ಷಣವನ್ನೂ ಕಳೆಯಬಾರದು. ವರ್ಷ ತುಂಬದ ಶಿಶುವನ್ನು ತಲೆ ತಗ್ಗಿರುವಂತೆ ಮುಂಗೈಯ ಮೇಲೆ ಬೋರಲಾಗಿ ಮಲಗಿಸಿ, ಹೆಗಲುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ತಟ್ಟಬೇಕು. ವಸ್ತು ಹೊರಬಾರದಿದ್ದರೆ ಮಗುಚಿ, ಎದೆಮೂಳೆಯ ಕೆಳಭಾಗವನ್ನು ಐದು ಬಾರಿ ಒತ್ತಬೇಕು. ವರ್ಷ ಮೀರಿದ ಮಕ್ಕಳಿಗೆ ಬೆನ್ನು ತಟ್ಟಿದ ಬಳಿಕ, ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗವನ್ನು ಮುಷ್ಟಿಯಿಂದ ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಬೇಕು. ಈ ಎರಡನೆಯ ಕ್ರಮವನ್ನು 1974ರಲ್ಲಿ ವಿವರಿಸಿದವರು ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್. ಅಷ್ಟರಲ್ಲಿ ಮತ್ತೊಬ್ಬರು 108ಕ್ಕೆ ಕರೆಮಾಡಬೇಕು. ಕಾಣದ ವಸ್ತುವಿಗಾಗಿ ಗಂಟಲಲ್ಲಿ ಬೆರಳಾಡಿಸಿದರೆ ಅದು ಇನ್ನೂ ಆಳಕ್ಕೆ ಇಳಿಯುತ್ತದೆ.

ಕೆಲವೊಮ್ಮೆ ಬೀಜವು ಶ್ವಾಸಕೋಶದ ಕವಲಿಗೆ ಜಾರಿ ನಿಲ್ಲುತ್ತದೆ. ಮಗು ಸುಧಾರಿಸಿಕೊಂಡಂತೆ ತೋರುತ್ತದೆ. ಆದರೆ ತೇವದಿಂದ ಬೀಜವು ಉಬ್ಬುತ್ತದೆ; ಕೆಮ್ಮು ದಿನಗಟ್ಟಲೆ ಉಳಿಯುತ್ತದೆ. ಅದನ್ನು ನೆಗಡಿಯೆಂದು ಭಾವಿಸುವುದು ತಪ್ಪು. ತಿನ್ನುವಾಗ ಮಗು ಉಸಿರುಕಟ್ಟಿ ಕೆಮ್ಮಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. 1897ರಲ್ಲಿ ಜರ್ಮನಿಯ ವೈದ್ಯ ಗುಸ್ತಾವ್ ಕಿಲಿಯನ್ ರೋಗಿಯೊಬ್ಬನ ಶ್ವಾಸಮಾರ್ಗದಲ್ಲಿ ಸಿಲುಕಿದ್ದ ಮೂಳೆಯನ್ನು ಕೊಳವೆಯ ಮೂಲಕ ಹೊರತೆಗೆದರು. ಇಂದು ಬೀಜವನ್ನು ತೆಗೆಯುವುದೂ ಅಂಥ ಉಪಕರಣದಿಂದಲೇ.

ತಂದೆತಾಯಿಗಳು ದುಡಿಯಲು ಹೋದಾಗ ಎಳೆಯ ತಮ್ಮತಂಗಿಯರನ್ನು ಕಾಯುವವರು ಅನೇಕ ವೇಳೆ ವಿದ್ಯಾರ್ಥಿಗಳೇ. ಮಗುವನ್ನು ಕೂರಿಸಿ ಉಣಿಸುವುದು, ನೆಲದ ಮೇಲಿನ ಚಿಕ್ಕ ವಸ್ತುಗಳನ್ನು ಎತ್ತಿಡುವುದು, ಅದು ನುಂಗುವವರೆಗೂ ಬಳಿಯಲ್ಲಿರುವುದು—ಇವು ಸಣ್ಣ ಕೆಲಸಗಳು. ಒಂದು ಜೀವವು ಉಳಿಯುವುದು ಇಂಥ ಕೆಲಸಗಳಿಂದಲೇ.