ತಂತಿಗೆ ನಾಲ್ಕಡಿ, ಕರೆಂಟಿಗೆ ನೆಲದ ದಾರಿ

ಕಾಮರ್ಸ್ ಓದುವವನಿಗೆ ಟ್ರಾನ್ಸ್‌ಫಾರ್ಮರ್ ಉಸಾಬರಿ ಏಕೆ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ನಮ್ಮ ಮೊಹಲ್ಲಾದ ಓಣಿಗಳು ಕಿರಿದು. ಟಿ.ಸಿ. ಕಂಬದ ಪಕ್ಕದಲ್ಲೇ ಅಂಗಡಿ, ಅಂಗಡಿಯ ಮೇಲೆ ಮನೆ. ಹೀಗಿರುವಾಗ ಇದು ಎಲ್ಲ ವಿಭಾಗದವರಿಗೂ ಸೇರಿದ ವಿಷಯ.

ಟಿ.ಸಿ.ಗೆ ಬರುವ ವಿದ್ಯುತ್ 11,000 ವೋಲ್ಟ್. ಅಲ್ಲಿ 433 ವೋಲ್ಟ್‌ಗೆ ಇಳಿದು, ಮನೆಯ ಸಿಂಗಲ್ ಫೇಸ್‌ಗೆ ಸುಮಾರು 230 ವೋಲ್ಟ್ ತಲುಪುತ್ತದೆ. ಮೇಲಿನ 11,000 ವೋಲ್ಟ್ ತಂತಿಗಳಿಗೆ ಸಾಮಾನ್ಯವಾಗಿ ಹೊದಿಕೆ ಇರುವುದಿಲ್ಲ. ನಡುವೆ ಬಿಟ್ಟ ಗಾಳಿಯ ಜಾಗವೇ ನಮ್ಮ ರಕ್ಷಣೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಂತೆ ಈ ತಂತಿ ಕಟ್ಟಡದ ಪಕ್ಕದಲ್ಲಿ ಹಾದುಹೋದರೆ ಕನಿಷ್ಠ 1.2 ಮೀಟರ್, ಅಂದರೆ ಸುಮಾರು ನಾಲ್ಕಡಿ ಅಂತರ ಬೇಕು. ಮೇಲೆ ಹಾದುಹೋದರೆ 3.7 ಮೀಟರ್, ಸುಮಾರು ಹನ್ನೆರಡು ಅಡಿ. ಬಾಲ್ಕನಿ, ಸಜ್ಜಾ ಇದ್ದರೆ ಅವುಗಳ ತುದಿಯಿಂದ ಅಳೆಯಬೇಕು. ತಂತಿ ಗಾಳಿಗೆ ತೂಗುವುದನ್ನೂ ಬಿಸಿಗೆ ಜೋತು ಬೀಳುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆರಡಿ ದೂರವಿದ್ದ ತಂತಿ, ಮೂರಡಿ ಬಾಲ್ಕನಿ ಚಾಚಿದ ದಿನ ಮೂರೇ ಅಡಿಗೆ ಬರುತ್ತದೆ.

ಜಾಗ ಬಿಡಲು ಇನ್ನೊಂದು ಕಾರಣ ಎಣ್ಣೆ. ಬೀದಿಯ ಟಿ.ಸಿ.ಗಳಲ್ಲಿ ಸಾಮಾನ್ಯವಾಗಿ ತಂಪು ಮಾಡಲು ಎಣ್ಣೆ ತುಂಬಿರುತ್ತಾರೆ. ದೋಷವಾದರೆ ಅದು ಹೊತ್ತಿಕೊಳ್ಳಬಹುದು. ಅದಕ್ಕಾಗಿಯೇ ವಸತಿ, ವಾಣಿಜ್ಯ ಕಟ್ಟಡಗಳ ಒಳಗೆ ಎಣ್ಣೆಯಿಲ್ಲದ ಡ್ರೈ ಟೈಪ್ ಟ್ರಾನ್ಸ್‌ಫಾರ್ಮರ್ ಇಡಬೇಕೆಂಬ ನಿಯಮವಿದೆ. ಟಿ.ಸಿ. ಬುಡದಲ್ಲಿ ಕಸ ಸುಡುವುದು ಎಷ್ಟು ಅಪಾಯವೆಂದು ನೀವೇ ಊಹಿಸಿ.

ಎರಡನೆಯ ರಕ್ಷಣೆ ಅರ್ಥಿಂಗ್. ನಮ್ಮ ಮನೆಯಲ್ಲಿ ಅಬ್ಬಾ ಇದನ್ನು ‘ಜಮೀನ್ ಕಾ ತಾರ್’ ಎನ್ನುತ್ತಾರೆ. ಟಿ.ಸಿ.ಯ ನ್ಯೂಟ್ರಲ್‌ಗೂ ಲೋಹದ ಮೈಗೂ ತಲಾ ಎರಡು ಪ್ರತ್ಯೇಕ ಅರ್ಥಿಂಗ್ ಇರಬೇಕು. ಒಂದು ಕಡಿದರೂ ಇನ್ನೊಂದು ಉಳಿಯಲಿ ಎಂದು. ಕಟ್ಟಡಕ್ಕೂ ತನ್ನದೇ ಅರ್ಥಿಂಗ್ ಬೇಕು.

ಒಂದು ಲೆಕ್ಕ ನೋಡೋಣ. ನೀರಿನ ಪಂಪಿನ ಮೈಗೆ ಫೇಸ್ ತಂತಿ ತಾಗಿತು ಎನ್ನಿ. ಕರೆಂಟು ಅರ್ಥಿಂಗ್ ಗುಂಡಿಯಿಂದ ಮಣ್ಣಿನ ಮೂಲಕ ಟಿ.ಸಿ.ಯ ನ್ಯೂಟ್ರಲ್‌ಗೆ ಮರಳುತ್ತದೆ. ಈ ದಾರಿಯ ಒಟ್ಟು ರೋಧ 2 ಓಮ್ ಇದ್ದರೆ 230 ÷ 2 = 115 ಆಂಪಿಯರ್ ಹರಿದು 15 ಆಂಪಿಯರ್ ಫ್ಯೂಸ್ ತಕ್ಷಣ ಸುಡುತ್ತದೆ. ಮಣ್ಣು ಒಣಗಿ ರೋಧ 46 ಓಮ್ ಆದರೆ ಹರಿಯುವುದು ಬರೀ 5 ಆಂಪಿಯರ್. ಫ್ಯೂಸ್ ಸುಡುವುದಿಲ್ಲ. ಪಂಪ್ ಮುಟ್ಟಿದವರಿಗೆ ಶಾಕ್ ಕಾದಿರುತ್ತದೆ.

ನಾವು ಅಕೌಂಟೆನ್ಸಿಯಲ್ಲಿ ಯಂತ್ರಗಳಿಗೆ ಸವಕಳಿ ಬರೆಯುತ್ತೇವೆ. ಅರ್ಥಿಂಗಿಗೂ ಸವಕಳಿಯಿದೆ: ಪೈಪು ತುಕ್ಕು ಹಿಡಿಯುತ್ತದೆ, ಮಣ್ಣು ಒಣಗುತ್ತದೆ, ಜೋಡಣೆ ಸಡಿಲಾಗುತ್ತದೆ. ಆದರೆ ಬಲ್ಬು ಎಂದಿನಂತೆ ಉರಿಯುವುದರಿಂದ ಯಾರಿಗೂ ತಿಳಿಯುವುದಿಲ್ಲ.

ನಾವು ಮಾಡಬಹುದಾದದ್ದು ಇಷ್ಟು:

ಬೇಸಿಗೆಯಲ್ಲಿ ಮನೆಯ ಅರ್ಥಿಂಗ್ ಗುಂಡಿಗೆ ನೀರು ಹಾಕಿ, ವರ್ಷಕ್ಕೊಮ್ಮೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದ ರೋಧ ಅಳೆಸಿ.

ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಸಣ್ಣ ಸೋರಿಕೆಗೂ ಅದು ಕರೆಂಟು ಕಡಿಯುತ್ತದೆ.

ತಂತಿಯ ಕಡೆ ಬಾಲ್ಕನಿ ಚಾಚುವ ಮುನ್ನ ವಿದ್ಯುತ್ ಕಂಪನಿಗೆ ಅರ್ಜಿ ಕೊಡಿ. ಸೆಂಟ್ರಿಂಗ್ ಕಂಬಿ, ಅಲ್ಯೂಮಿನಿಯಂ ಏಣಿ ಎತ್ತುವಾಗ ಮೇಲೆ ನೋಡಿ.

ಗಾಳಿಪಟ ಸಿಕ್ಕಿಕೊಂಡರೆ ಬಿಟ್ಟುಬಿಡಿ, ತಮ್ಮಂದಿರಿಗೂ ಹೇಳಿ. ಟಿ.ಸಿ. ಬೇಲಿ ಮುರಿದಿದ್ದರೆ, ಎಣ್ಣೆ ಸೋರುತ್ತಿದ್ದರೆ, ಅರ್ಥಿಂಗ್ ತಂತಿ ಕಡಿದಿದ್ದರೆ ಮುಟ್ಟದೆ 1912ಕ್ಕೆ ಫೋನ್ ಮಾಡಿ.